ಹಿಂದಿನ ಕೋಣೆಯಿಂದ ಬಾಗಿಲ ಬಳಿಗೆ

ಅಣ್ಣನ ಕುತ್ತಿಗೆಯ ಕೆಳಭಾಗದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಆರು ವರ್ಷವಾಯಿತು. ಭುಜ, ಮೊಣಕೈ ಆಡುತ್ತವೆ. ಬೆರಳು ಹಿಡಿಯುವುದಿಲ್ಲ, ಕಾಲುಗಳಲ್ಲಿ ಚಲನೆಯೇ ಇಲ್ಲ. ಆಸ್ಪತ್ರೆಯಿಂದ ಕರೆತಂದ ದಿನ ಅವನ ಮಂಚವನ್ನು ಹಿಂದಿನ ಕೋಣೆಯಲ್ಲಿ ಹಾಕಿಸಿದೆ. ಒಳ್ಳೆಯ ಗಾಳಿ, ಪಕ್ಕದಲ್ಲೇ ಬಚ್ಚಲು, ನನಗೆ ಬಹಳ ಅನುಕೂಲ. ಅವನನ್ನು ಕೇಳಿರಲಿಲ್ಲ.

ಮೈಯ ಆರೈಕೆ ನಾಲ್ಕಾರು ತಿಂಗಳಲ್ಲಿ ಕೈಗೆ ಹತ್ತಿತು. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆದರೆ ಚರ್ಮ ತರಚುತ್ತದೆ; ಕೆಳಗೆ ಹಾಸಿದ ಬಟ್ಟೆಯ ಸಮೇತ ಇಬ್ಬರು ಎತ್ತಿ ಸರಿಸಬೇಕು. ಬೆಳಿಗ್ಗೆ, ರಾತ್ರಿ ಟಾರ್ಚ್ ಹಿಡಿದು ಬೆನ್ನಿನ ಬುಡ, ಸೊಂಟದ ಮೂಳೆ, ಹಿಮ್ಮಡಿಗಳನ್ನು ನೋಡುತ್ತೇನೆ. ಕೆಂಪಾದ ಜಾಗವನ್ನು ಒತ್ತಿದಾಗ ಬಣ್ಣ ಬಿಳಿಚದಿದ್ದರೆ ಒತ್ತುಹುಣ್ಣು ಶುರುವಾಗಿದೆ ಎಂದೇ ತಿಳಿಯಬೇಕು. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಆ ಜಾಗ ಸುತ್ತಲಿನದಕ್ಕಿಂತ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಲ್ಲೇ ಮುಟ್ಟಿ ನೋಡಬೇಕು. ಉಜ್ಜಬಾರದು, ಭಾರ ತಪ್ಪಿಸಬೇಕು. ಒಮ್ಮೆ ಎಡ ಹಿಮ್ಮಡಿಯಲ್ಲಿ ಉಗುರಿನಷ್ಟು ಗುರುತನ್ನು ಅಸಡ್ಡೆ ಮಾಡಿದೆ. ವಾಸಿಯಾಗಲು ಮೂರು ತಿಂಗಳು ಹಿಡಿಯಿತು.

ಇದೆಲ್ಲ ಅಚ್ಚುಕಟ್ಟಾಗಿ ನಡೆಯುತ್ತಿದ್ದಾಗಲೇ ಅಣ್ಣ ಮಾತು ಕಡಿಮೆ ಮಾಡಿದ. ಬಂದವರು ಹೊಸ್ತಿಲಲ್ಲೇ ನಿಂತು “ಈಗ ಹೇಗಿದ್ದಾನೆ?” ಎಂದು ನನ್ನನ್ನು ಕೇಳುತ್ತಿದ್ದರು, ನಾನೂ ಉತ್ತರ ಕೊಟ್ಟು ಕಳಿಸುತ್ತಿದ್ದೆ. ಗೆಳೆಯರ ದನಿ ಕೇಳಿದರೆ ಸಾಕು, “ನಿದ್ದೆ ಬಂದಿದೆ ಎಂದು ಹೇಳಿಬಿಡು” ಎನ್ನುತ್ತಿದ್ದ. ಮನಸ್ಸು ಕುಗ್ಗಿದೆ ಎಂದುಕೊಂಡೆ. ಒಂದು ದಿನ ಸಿಟ್ಟಿನಲ್ಲಿ ಅವನೇ ಹೇಳಿದ: ಮಂಚದ ಪಕ್ಕಕ್ಕೆ ನೇತುಬಿದ್ದ ಮೂತ್ರದ ಚೀಲ ಬಂದವರ ಕಣ್ಣಿಗೆ ಮೊದಲು ಬೀಳುತ್ತದೆ, ಆಮೇಲೆ ತಾನು.

ಚೀಲ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು, ಮೇಲೆತ್ತಿ ಬಚ್ಚಿಡುವಂತಿಲ್ಲ. ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ ಗವಸು ಹೊಲಿದೆ. ಯಾರಾದರೂ ಬರುವ ಹೊತ್ತಿಗೆ ಮುಂಚೆ ಖಾಲಿ ಮಾಡತೊಡಗಿದೆ. ಮರುವಾರ ಇಬ್ಬರು ಗೆಳೆಯರು ಒಳಗೆ ಬಂದು ಒಂದು ಗಂಟೆ ಕೂತರು. ಆರು ತಿಂಗಳ ನನ್ನ ಸಮಾಧಾನದ ಮಾತುಗಳು ಮಾಡದ್ದನ್ನು ಒಂದು ತುಂಡು ಬಟ್ಟೆ ಮಾಡಿತು.

ಆಮೇಲೆ ಮಂಚ ಮುಂದಿನ ಕೋಣೆಗೆ ಬಂತು, ಗಾಲಿಕುರ್ಚಿ ಬಾಗಿಲ ಪಕ್ಕಕ್ಕೆ. ಅಣ್ಣ ಮೊದಲು ಫ್ಯಾನು, ರೇಡಿಯೊ ರಿಪೇರಿ ಮಾಡುತ್ತಿದ್ದವನು. ನೆರೆಮನೆಯ ಹುಡುಗ ಕೆಟ್ಟ ಟೇಬಲ್ ಫ್ಯಾನ್ ತಂದು ಮುಂದಿಟ್ಟ. “ಮೊದಲು ಪ್ಲಗ್ ತೆಗೆ. ಈಗ ಹಿಂದಿನ ಮೂರು ಸ್ಕ್ರೂ ಬಿಚ್ಚು,” ಎಂದ ಅಣ್ಣ. ಕೈ ಹುಡುಗನದು, ವಿದ್ಯೆ ಇವನದು. ಬೈಗುಳವೂ ಇವನದೇ.

ಒಂದು ಸಂಜೆ ನಾನು ಹೊರಗೆ ಹೋಗಿದ್ದೆ. ಹಿಂತಿರುಗಿದಾಗ ಅಣ್ಣನ ಮುಖ ಕೆಂಪೇರಿತ್ತು, ಹಣೆಯಲ್ಲಿ ಬೆವರು, ತಲೆ ಸಿಡಿಯುತ್ತಿದೆ ಎನ್ನುತ್ತಿದ್ದ. ಹುಡುಗ ಗಾಬರಿಯಿಂದ ನಿಂತಿದ್ದ. ಬೆನ್ನುಹುರಿಯ ಇಷ್ಟು ಮೇಲ್ಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಮೂತ್ರಕೋಶ ತುಂಬಿ ಕಟ್ಟಿಕೊಂಡರೆ ರಕ್ತದೊತ್ತಡ ಏಕಾಏಕಿ ಏರುತ್ತದೆ, ಪ್ರಾಣಕ್ಕೇ ಅಪಾಯ. ಚೀಲಕ್ಕೆ ಮೂತ್ರ ಹರಿಸುವ ಕೊಳವೆ ತೊಡೆಯ ಕೆಳಗೆ ಮಡಚಿಕೊಂಡಿತ್ತು. ನೇರ ಮಾಡಿದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯಿತು.

ಇಷ್ಟೆಲ್ಲ ನನಗೊಬ್ಬನಿಗೇ ಗೊತ್ತು ಎಂಬ ಜಂಬ ಒಳಗೊಳಗೇ ಇತ್ತು, ಒಪ್ಪಿಕೊಳ್ಳುತ್ತೇನೆ. ಮಾರನೆಯ ದಿನವೇ ಹುಡುಗನಿಗೂ ಗೆಳೆಯರಿಬ್ಬರಿಗೂ ಹೇಳಿಕೊಟ್ಟೆ: ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಕೊಳವೆ ನೋಡಿ, ಇಳಿಯದಿದ್ದರೆ ಆಂಬುಲೆನ್ಸ್ ಕರೆಸಿ. ಕುರ್ಚಿಯಲ್ಲಿದ್ದಾಗ ಅರ್ಧ ಗಂಟೆಗೊಮ್ಮೆ ಅವನನ್ನು ಮುಂದಕ್ಕೆ ಬಾಗಿಸಿ ಕೂತ ಜಾಗದ ಮೇಲಿನ ಭಾರ ಬಿಡಿಸಬೇಕೆಂಬುದನ್ನೂ ಹೇಳಿದೆ.

ಈಗ ಹುಡುಗನೇ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡಿದ್ದಾನೆ. ಅದು ಬಡಿದುಕೊಂಡರೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಮೇಜಿನ ಮೇಲೆ ದಿಂಬು ಹಾಕಿ, “ಮಾವ, ಬಾಗಿ,” ಎನ್ನುತ್ತಾನೆ. ಅಣ್ಣ ದಿಂಬಿಗೆ ಎದೆಯೂರಿ, ಅಲ್ಲಿಂದಲೇ ಬೈಯುತ್ತಾನೆ: “ಆ ವಾಷರ್ ಎಲ್ಲಿ ಬೀಳಿಸಿದೆ, ಮೊದಲು ಹುಡುಕು.”