ಹೊಸ ಗಣರಾಜ್ಯಕ್ಕೆ ಸರ್ಕಾರ ಕಟ್ಟುವುದು ಹೇಗೆ? 1946–52ರ ಭಾರತದ ಹೆಜ್ಜೆಗಳು

ಸ್ವಾತಂತ್ರ್ಯ ಬಂದ ಮೇಲೂ ಅಂಚೆ ಬಟವಾಡೆಯಾಗಬೇಕು, ರೈಲು ಓಡಬೇಕು, ವಾಯಿದೆ ಬಿದ್ದ ಕೇಸು ಕೋರ್ಟಿನಲ್ಲಿ ನಡೆಯಬೇಕು. ಹಾಗಾಗಿ ಮೊದಲ ಹೆಜ್ಜೆ, ಓಡುತ್ತಿರುವ ಆಡಳಿತವನ್ನು ನಿಲ್ಲಿಸದಿರುವುದು. ಭಾರತ ಬ್ರಿಟಿಷರ ಕಾಲದ 1935ರ ಭಾರತ ಸರ್ಕಾರ ಕಾಯ್ದೆಯನ್ನೇ ಬೇಕಾದಷ್ಟು ತಿದ್ದಿ ತಾತ್ಕಾಲಿಕ ಸಂವಿಧಾನ ಮಾಡಿಕೊಂಡಿತು. 1947ರ ಆಗಸ್ಟ್ 15ರಂದು ನಾವು ಸ್ವತಂತ್ರರಾದೆವು, ಆದರೆ ಗಣರಾಜ್ಯವಾಗಲಿಲ್ಲ. ಇನ್ನೂ ಎರಡೂವರೆ ವರ್ಷ ಬ್ರಿಟನ್ನಿನ ದೊರೆಯ ಹೆಸರಿನಲ್ಲಿ ಗವರ್ನರ್ ಜನರಲ್ ಇದ್ದರು, ಮೊದಲು ಮೌಂಟ್‌ಬ್ಯಾಟನ್, ಆಮೇಲೆ ರಾಜಾಜಿ.

ಎರಡನೆಯದಾಗಿ, ಸಂವಿಧಾನ ಬರೆಯುವವರನ್ನು ಬೇಗ ಕೂರಿಸಬೇಕು. ನಮ್ಮ ಸಂವಿಧಾನ ಸಭೆ ಸ್ವಾತಂತ್ರ್ಯಕ್ಕೂ ಮೊದಲೇ, 1946ರ ಡಿಸೆಂಬರ್ 9ರಂದು ಸೇರಿತು. ಅದರಲ್ಲೊಂದು ಕೊರತೆ ಇತ್ತು. ಪ್ರಾಂತ್ಯಗಳ ಸದಸ್ಯರನ್ನು ಆರಿಸಿದ್ದು ಪ್ರಾಂತೀಯ ಶಾಸನಸಭೆಗಳು, ಆ ಶಾಸನಸಭೆಗಳನ್ನು ಆರಿಸಿದ್ದು ಆಸ್ತಿಯೋ ಓದೋ ಇದ್ದ ಸ್ವಲ್ಪ ಜನ. ಕೆಲವರ ಮತದಿಂದ ಬಂದ ಸಭೆ ಎಲ್ಲರಿಗೂ ಮತದ ಹಕ್ಕು ಕೊಡಬೇಕಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಸುತ್ತಲೇ ಇದೆ.

ಮಂತ್ರಿಮಂಡಲ ಕಟ್ಟುವಾಗ ಗೆದ್ದ ಪಕ್ಷದವರನ್ನಷ್ಟೇ ಕರೆದರೆ ಸಾಲದು. ಕಾಂಗ್ರೆಸ್ಸನ್ನು ವರ್ಷಗಟ್ಟಲೆ ಕಟುವಾಗಿ ಟೀಕಿಸಿದ್ದ ಅಂಬೇಡ್ಕರ್ ಕಾನೂನು ಮಂತ್ರಿಯಾದರು. ಹಿಂದೂ ಮಹಾಸಭೆಯ ಶ್ಯಾಮಾಪ್ರಸಾದ್ ಮುಖರ್ಜಿಗೆ ಕೈಗಾರಿಕೆ, ಜಸ್ಟಿಸ್ ಪಕ್ಷದಲ್ಲಿದ್ದ ಷಣ್ಮುಖಂ ಚೆಟ್ಟಿಗೆ ಹಣಕಾಸು ಖಾತೆ ಸಿಕ್ಕಿತು. 1947ರ ಆಗಸ್ಟ್ 29ರಂದು ಸಂವಿಧಾನದ ಕರಡು ಸಮಿತಿ ರಚನೆಯಾದಾಗ ಅದರ ಅಧ್ಯಕ್ಷತೆಯೂ ಅಂಬೇಡ್ಕರ್ ಅವರದೇ. ನನ್ನ ಮಟ್ಟಿಗೆ ಆ ದಿನಗಳ ಅತ್ಯಂತ ದೊಡ್ಡ ತೀರ್ಮಾನ ಅದು.

ಇನ್ನು ಸಂಸ್ಥಾನಗಳು. ರಾಜ ಸಹಿ ಹಾಕಿದ ಮಾತ್ರಕ್ಕೆ ಪ್ರಜೆಗೆ ಸರ್ಕಾರ ಸಿಗುವುದಿಲ್ಲ ಎಂಬುದನ್ನು ಮೈಸೂರಿನವರು ಚೆನ್ನಾಗಿ ಬಲ್ಲರು. ಒಕ್ಕೂಟ ಸೇರಲು ಮಹಾರಾಜರು 1947ರ ಆಗಸ್ಟ್‌ನಲ್ಲೇ ಒಪ್ಪಿದ್ದರೂ ಜನರಿಗೆ ಉತ್ತರ ಕೊಡಬೇಕಾದ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ‘ಮೈಸೂರು ಚಲೋ’ ನಡೆಯಿತು, ಜನ ಜೈಲು ತುಂಬಿದರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು. ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನ ಜನ ಭಾರತಕ್ಕೆ ಸೇರಲು 1948ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಕರಡಿನ ವಿಷಯಕ್ಕೆ ಬಂದರೆ, ಮೊದಲ ಕರಡು ಸಿದ್ಧಪಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಅವರು ಸಭೆಯ ಸದಸ್ಯರಲ್ಲ, ಸಲಹೆಗಾರರು. 243 ವಿಧಿಗಳ ಆ ಕರಡನ್ನು ಅಂಬೇಡ್ಕರ್ ಸಮಿತಿ ಬೆಳೆಸಿತು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಕೂಡ ಸಮಿತಿಯಲ್ಲಿದ್ದರು. ಕರಡನ್ನು ಅಚ್ಚು ಹಾಕಿಸಿ ಜನರ ಮುಂದಿಟ್ಟರು. ತಿದ್ದುಪಡಿ ಸೂಚನೆಗಳು ಏಳು ಸಾವಿರ ದಾಟಿದವು, ಸಭೆಯಲ್ಲಿ ಮಂಡನೆಯಾದದ್ದು 2,473. ಕೊನೆಗೆ 395 ವಿಧಿಗಳ ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಲಾಯಿತು. ಅವಸರ ಮಾಡದಿದ್ದುದೇ ಒಳ್ಳೆಯದಾಯಿತು.

ಆದರೆ ಇಡೀ ಕೆಲಸದ ಜೀವ ಇರುವುದು ಮತದಾರರ ಪಟ್ಟಿಯಲ್ಲಿ. ಸಂವಿಧಾನದ ಚರ್ಚೆ ಮುಗಿಯುವ ಮೊದಲೇ, 1948ರಲ್ಲೇ, ಸಂವಿಧಾನ ಸಭೆಯ ಸಚಿವಾಲಯ ಪಟ್ಟಿಯ ಕೆಲಸಕ್ಕೆ ಕೈಹಾಕಿತು. 21 ತುಂಬಿದ ಎಲ್ಲರ ಹೆಸರೂ ಬೇಕು. ಜಾತಿ, ಆಸ್ತಿ, ಅಕ್ಷರ ಕೇಳುವಂತಿಲ್ಲ. ಗಡಿ ದಾಟಿ ಬಂದ ನಿರಾಶ್ರಿತರಿಗೆ ವಾಸದ ದಾಖಲೆ ಎಲ್ಲಿಂದ ಬರಬೇಕು? ಇಲ್ಲೇ ನೆಲೆಸುತ್ತೇನೆ ಎಂದು ಹೇಳಿಕೆ ಕೊಟ್ಟರೆ ಸಾಕು, ಹೆಸರು ಬರೆದುಕೊಳ್ಳಿ ಎಂದು ತೀರ್ಮಾನಿಸಿದರು. ಮನೆಮಠ ಕಳೆದುಕೊಂಡವರ ಮಾತನ್ನೇ ದಾಖಲೆಯೆಂದು ಒಪ್ಪಿದ ಆ ನಿರ್ಧಾರದ ಬಗ್ಗೆ ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಮನೆಬಾಗಿಲಲ್ಲಿ ಇನ್ನೊಂದು ತೊಡಕು ಎದುರಾಯಿತು. ನಮ್ಮ ಕಡೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ ಒಡಪಿನಲ್ಲಿ ಹೇಳುವ ರೂಢಿ ಉಂಟು. ಉತ್ತರದ ಹಲವು ಕಡೆ ಹೆಂಗಸರು ಪರಪುರುಷನೆದುರು ತಮ್ಮ ಹೆಸರನ್ನೇ ಹೇಳುತ್ತಿರಲಿಲ್ಲ. ‘ಇಂಥವರ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಸಿದರು. ಹೀಗೆ ಬರೆದರೆ ನಡೆಯದು, ಸ್ವಂತ ಹೆಸರು ಬೇಕು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಆಗಲೂ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಲಾಯಿತು. ಸೇನ್ ನಿಲುವು ಸರಿ, ಹೆಂಗಸು ತನ್ನ ಹೆಸರಿನಲ್ಲೇ ಪ್ರಜೆಯಾಗಬೇಕು. ಆದರೆ 28 ಲಕ್ಷ ಮತ ಸಣ್ಣ ಬೆಲೆಯಲ್ಲ.

ಚುನಾವಣಾ ಆಯೋಗ ಹುಟ್ಟಿದ್ದು 1950ರ ಜನವರಿ 25ರಂದು, ಗಣರಾಜ್ಯಕ್ಕಿಂತ ಒಂದು ದಿನ ಮೊದಲು. ಮರುದಿನ ರಾಜೇಂದ್ರ ಪ್ರಸಾದ್ ರಾಷ್ಟ್ರಪತಿಯಾದರು, 28ರಂದು ಸುಪ್ರೀಂ ಕೋರ್ಟ್ ಉದ್ಘಾಟನೆಯಾಯಿತು. ಕೋರ್ಟಿಗೆ ಸ್ವಂತ ಕಟ್ಟಡವಿರಲಿಲ್ಲ. ಸಂಸತ್ ಭವನದಲ್ಲಿ ರಾಜಮಹಾರಾಜರು ಸಭೆ ಸೇರುತ್ತಿದ್ದ ಸಭಾಂಗಣದಲ್ಲೇ ನ್ಯಾಯಮೂರ್ತಿಗಳು ಕೂತರು.

ಕೊನೆಯ ಹೆಜ್ಜೆ ಮತದಾನ. 17 ಕೋಟಿಗೂ ಹೆಚ್ಚು ಮತದಾರರು, ಬಹುಪಾಲು ಜನರಿಗೆ ಓದು ಬಾರದು. ಅದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಬೆರಳಿಗೆ ಶಾಯಿ ಹಾಕಿಸಿಕೊಂಡು, ಮರೆಯೊಳಗೆ ಹೋಗಿ, ತನಗೆ ಬೇಕಾದ ಚಿತ್ರವಿರುವ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಚೀಟಿಯ ಮೇಲೆ ಗುರುತು ಮಾಡುವುದೂ ಬೇಕಿರಲಿಲ್ಲ.

ಹಿಮಾಚಲದ ಚಿನಿ ತಾಲ್ಲೂಕಿನಲ್ಲಿ ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ, 1951ರ ಅಕ್ಟೋಬರ್ 25ರಂದು ಮೊದಲ ಮತ ಬಿತ್ತು. ದೇಶದ ಉಳಿದೆಡೆ ಮತದಾನ ಮುಗಿಯುವ ಹೊತ್ತಿಗೆ 1952ರ ಫೆಬ್ರವರಿ ಬಂದಿತ್ತು. ಮೇ 13ರಂದು ಮೊದಲ ಲೋಕಸಭೆ ಸೇರಿತು. ಅಲ್ಲಿಯವರೆಗೆ ಹಂಗಾಮಿ ಸಂಸತ್ತಾಗಿ ನಡೆದುಬಂದಿದ್ದ ಹಳೆಯ ಸಂವಿಧಾನ ಸಭೆ, ತಾನೇ ಮತದ ಹಕ್ಕು ಕೊಟ್ಟ ಜನ ಆರಿಸಿ ಕಳಿಸಿದವರಿಗೆ ಜಾಗ ಬಿಟ್ಟುಕೊಟ್ಟಿತು.