ಟ್ಯೂನರ್ ಇಲ್ಲದೆ ಕಯೋವಾ ಕೊಳಲು: ನನ್ನ ಅನುಭವ

ಟ್ಯೂನರ್, ಅಂದರೆ ಶ್ರುತಿ ತೋರಿಸುವ ಯಂತ್ರ, ಇಲ್ಲದೆ ಬರೀ ಕೈಯಳತೆಯಲ್ಲಿ ಕೊಳಲಿಗೆ ತೂತು ಕೊರೆದರೆ ಅಪಸ್ವರವೇ ಗತಿ ಅಂದವರೇ ಹೆಚ್ಚು. ಹಾಗೇನೂ ಆಗಲಿಲ್ಲ. ಅಮೆರಿಕದ ಬಯಲುನಾಡಿನ ಮೂಲನಿವಾಸಿಗಳಾದ ಕಯೋವಾ ಗಂಡಸರು ಮುಸ್ಸಂಜೆಯಲ್ಲಿ ಬಿಡಾರದಿಂದ ತುಸು ದೂರ ನಿಂತು, ಮೆಚ್ಚಿದ ಹುಡುಗಿಯ ಕಿವಿಗೆ ಬೀಳಲೆಂದು ಒಬ್ಬೊಬ್ಬರೇ ಊದುತ್ತಿದ್ದ ವಾದ್ಯ ಇದು. ಪಕ್ಕವಾದ್ಯವೇ ಇಲ್ಲದ ಮೇಲೆ ಶ್ರುತಿ ಸೇರಿಸೋದು ಯಾರ ಜೊತೆ? ಕಯೋವಾ ಕೊಳಲುಗಾರ ಬೆಲೋ ಕೊಜಾಡ್ 1941ರಲ್ಲಿ ಧ್ವನಿಮುದ್ರಣಕ್ಕೆಂದು ಸಂಗೀತ ಸಂಶೋಧಕ ವಿಲ್ಲರ್ಡ್ ರೋಡ್ಸ್‌ಗೆ ನುಡಿಸಿದ್ದನ್ನು ಕೇಳಿ, ಆಮೇಲೆ ಟ್ಯೂನರ್ ಹಿಡಿಯಿರಿ.

ಅಳತೆ ಬಯಲುನಾಡಿನ ಹಳೇ ಲೆಕ್ಕದ್ದು: ಕಂಕುಳಿಂದ ಮಣಿಕಟ್ಟಿನವರೆಗೆ ಕೊಳಲಿನ ಉದ್ದ, ಉಸಿರು ಮೊದಲು ತುಂಬುವ ಗಾಳಿಕೋಣೆ ಒಂದು ಮುಷ್ಟಿ, ದನಿ ಹುಟ್ಟುವ ನಾದಗಂಡಿಯಿಂದ ಮೊದಲ ತೂತಿಗೆ ಒಂದು ಮುಷ್ಟಿ, ತೂತುಗಳ ನಡುವೆ ಹೆಬ್ಬೆರಳಗಲ, ಕೊನೆಯ ತೂತಿನಿಂದ ಕೊಳಲಿನ ತುದಿಗೆ ಮತ್ತೊಂದು ಮುಷ್ಟಿ. ಒಳಕೊಳವೆ ಸುಮಾರು 22 ಮಿ.ಮೀ., ಗೋಡೆ ಐದರ ಆಸುಪಾಸು.

ಮರಕ್ಕೆ ಹೆಚ್ಚು ಖರ್ಚಿಲ್ಲ. ಓಕ್ಲಹೋಮಾದಲ್ಲಿ ನಾನು ಬಳಸುವ ಕೆಂಪು ಸಿಡಾರ್ ಮರ ಹಬ್ಬಿ ಹುಲ್ಲುಗಾವಲನ್ನೇ ನುಂಗುತ್ತಿದೆ. ಬೇಲಿಕಂಬದ ತುಂಡು ಹತ್ತು ಡಾಲರಿನೊಳಗೆ. ದುಡ್ಡು ತಿನ್ನೋದು ಮರ ತೋಡುವ ಬಾಗಿದ ಉಳಿ, ಒಳ್ಳೇದಕ್ಕೆ ಅರವತ್ತೋ ಎಪ್ಪತ್ತೋ. ಉದ್ದಕ್ಕೆ ಸೀಳಿ, ಗಾಳಿಕೋಣೆಗೂ ತೂತುಗಳಿರುವ ನಾದಕೋಣೆಗೂ ನಡುವೆ ಗೋಡೆ ಉಳಿಸಿ ತೋಡಿ, ಮತ್ತೆ ಅಂಟಿಸಬೇಕು. ಸಿಡಾರ್ ಎಣ್ಣೆಮರ. ಅಂಟುವ ಮುಖಕ್ಕೆ ಸ್ಪಿರಿಟ್ ಒರೆಸದಿದ್ದರೆ ಉಸಿರಿನ ತೇವಕ್ಕೆ ತಿಂಗಳೊಳಗೆ ಬಾಯಿಬಿಡುತ್ತೆ. ನಡುಗೋಡೆಯಲ್ಲಿ ಕೂದಲೆಳೆ ಸೋರಿದರೂ ಕೆಳಸ್ವರ ಸತ್ತಂತೆ. ಜೋಡಿಸುವ ಮೊದಲೇ ಅಲ್ಲಿಗೆ ಅರಗು ಬಳಿಯಿರಿ.

ನಿಜವಾದ ತಲೆನೋವು ಗಾಳಿದಾರಿ, ಅಂದರೆ ಗಾಳಿಕೋಣೆಯ ಉಸಿರು ನಡುಗೋಡೆ ದಾಟಿ ನಾದಗಂಡಿಗೆ ಹೋಗುವ ಸಣ್ಣ ಓಣಿ. ಮರದಲ್ಲೇ ಕೊರೆದರೆ ತೇವಕ್ಕೆ ನಾರು ಏಳುತ್ತೆ, ಹತ್ತು ನಿಮಿಷಕ್ಕೆ ಕೊಳಲು ಕೆಮ್ಮುತ್ತೆ. ಹಳಬರು ಹಾಕುತ್ತಿದ್ದ ಲೋಹದ ತಗಡು ಅಲಂಕಾರವಲ್ಲ: ತಗಡಿನಲ್ಲಿ ಉದ್ದ ಸೀಳು ಕತ್ತರಿಸಿ, ಮೇಲೆ ಮರದ ಗಟ್ಟಿ ಕೂರಿಸಿ, ತೊಗಲುಪಟ್ಟಿ ಬಿಗಿದರೆ ತಗಡಿನ ದಪ್ಪವೇ ಗಾಳಿದಾರಿಯ ಆಳ. ಸೀಸ ಬೇಡ, ಹಿತ್ತಾಳೆ ಸಾಕು. ಒಂದು ಮಿ.ಮೀ.ಗಿಂತ ದಪ್ಪವಾದರೆ ಬರೀ ಬುಸುಬುಸು, ಅರ್ಧಕ್ಕಿಳಿದರೆ ದನಿ ಸಣ್ಣಗಾಗಿ ನೀರು ಬೇಗ ಕಟ್ಟುತ್ತೆ. ಗಟ್ಟಿಯನ್ನು ಕೂದಲಷ್ಟು ಹಿಂದೆ ಮುಂದೆ ಸರಿಸಿಯೇ ದನಿ ಹಿಡಿಯೋದು. ಎಲ್ಲ ತೂತು ಮುಚ್ಚಿ ಉಸಿರು ಒತ್ತಿದಾಗ ಕೆಳಸ್ವರ ಒಡೆದು ನಡುಗಬೇಕು. ಆ ನಡುಕಕ್ಕೆ ಟ್ಯೂನರ್ ಮುಳ್ಳು ಹುಚ್ಚೇಳುತ್ತೆ, ನನಗದೇ ಖುಷಿ. ಅದು ಬರೋದು ನಾದಗಂಡಿಯ ಅಂಚಿನಿಂದ. ಅಂಚನ್ನು ಎಷ್ಟು ಓರೆ ಮಾಡುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಬಿದಿರಲ್ಲೂ ಮಾಡಿ ನೋಡಿದೆ. ಗೆಣ್ಣೇ ನಡುಗೋಡೆಯಾಗುತ್ತೆ, ಅಂಟಿನ ರಗಳೆಯೇ ಇಲ್ಲ. ದನಿ ಚುರುಕು, ಆದರೆ ಆ ನಡುಕ ಅಷ್ಟಕ್ಕಷ್ಟೆ. ತಗಡು ಕೂರಲು ಮಟ್ಟಸ ಜಾಗ ಬೇಕು. ಬಿದಿರಿನ ಬೆನ್ನು ಅಷ್ಟು ಹೆರೆದರೆ ಗೋಡೆಯೇ ಉಳಿಯೋದಿಲ್ಲ.