ನಡುರಸ್ತೆಯಲ್ಲಿ ಆಫ್ ಆಗುವ ಹಳೇ ಮಾರುತಿ 800: ದೋಷ ಹುಡುಕುವುದು ಹೇಗೆ?

ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಹಳೇ ಮಾರುತಿ 800 ಪದೇಪದೇ ಆಫ್ ಆಗತೊಡಗಿದರೆ ಹೆಚ್ಚಿನವರು ಮೊದಲು ಕಾರ್ಬ್ಯುರೇಟರ್ ಬಿಚ್ಚಿಸುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. 796 ಸಿಸಿಯ ಈ ಮೂರು ಸಿಲಿಂಡರ್ ಎಂಜಿನ್‌ಗೆ ಬೇಕಿರುವುದು ಪೆಟ್ರೋಲ್, ಗಾಳಿ, ಕಿಡಿ ಮೂರೇ. ಯಾವುದು ತಪ್ಪುತ್ತಿದೆ ಎಂಬುದನ್ನು ಗಾಡಿ ನಿಲ್ಲುವ ರೀತಿಯೇ ಹೇಳಿಬಿಡುತ್ತದೆ. ಪಾರ್ಟ್ಸ್ ಕೊಳ್ಳುವ ಮುನ್ನ ಅದನ್ನು ಗಮನಿಸಿ. (2000ದ ಆಚೀಚೆ ಬಂದ ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವ ಮಾದರಿಯಲ್ಲಿ ಸೆನ್ಸರ್‌ಗಳೂ ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪೂ ಇರುವುದರಿಂದ ಅದರ ಪರೀಕ್ಷೆಯೇ ಬೇರೆ.)

ಹೇಗೆ ನಿಂತಿತು, ಯಾವಾಗ ನಿಂತಿತು

ಕೀ ತಿರುಗಿಸಿ ಆಫ್ ಮಾಡಿದಂತೆ ಒಮ್ಮೆಲೇ ನಿಂತರೆ ದೋಷ ಬಹುಮಟ್ಟಿಗೆ ಕಿಡಿಯ ಕಡೆ: ವೈರಿಂಗ್, ಇಗ್ನಿಷನ್ ಸ್ವಿಚ್, ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ), ಡೆಲ್ಕೊ (ಆ ಕರೆಂಟನ್ನು ಒಂದೊಂದು ಸಿಲಿಂಡರಿಗೂ ಹಂಚುವ ಡಿಸ್ಟ್ರಿಬ್ಯೂಟರ್). ಪಿಕಪ್ ಕಳೆದುಕೊಂಡು, ಜಗ್ಗಿ ಜಗ್ಗಿ, ಕೆಮ್ಮಿಕೊಂಡು ನಿಂತರೆ ಪೆಟ್ರೋಲ್ ಕಡೆ.

ನಿಂತ ಕ್ಷಣದಲ್ಲೇ, ಕೀ ಆನ್ ಇರುವಾಗಲೇ ಡ್ಯಾಶ್‌ಬೋರ್ಡ್ ನೋಡಿ. ಬ್ಯಾಟರಿ ಮತ್ತು ಆಯಿಲ್ ದೀಪಗಳು ಉರಿಯುತ್ತಿದ್ದರೆ ಕೀಗೆ ಕರೆಂಟ್ ಬರುತ್ತಿದೆ ಎಂದರ್ಥ. ದೀಪಗಳೂ ಸತ್ತಿದ್ದರೆ ಬ್ಯಾಟರಿ ಟರ್ಮಿನಲ್, ಬಾಡಿ ಅರ್ಥ್, ಫ್ಯೂಸ್ ಅಥವಾ ಇಗ್ನಿಷನ್ ಸ್ವಿಚ್ ಹಿಂದಿನ ಕನೆಕ್ಟರ್ ನೋಡಿದರೆ ಸಾಕು. ಗುಂಡಿಗೆ ಬಿದ್ದಾಗ ಮಾತ್ರ ಆಫ್ ಆಗುವ ಗಾಡಿಗಳಲ್ಲಿ ಸಾಮಾನ್ಯವಾಗಿ ದೋಷ ಸಿಗುವುದು ಇಲ್ಲೇ. ಟರ್ಮಿನಲ್ ಕೈಯಿಂದ ತಿರುಗಿಸಿದರೆ ಅಲುಗಾಡಕೂಡದು. ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಎಮರಿ ಪೇಪರಿನಿಂದ ಉಜ್ಜಿ, ಬಿಗಿ ಮಾಡಿ ಮೇಲೆ ತುಸು ವ್ಯಾಸಲಿನ್ ಸವರಿ. ಮಲ್ಟಿಮೀಟರ್ ಇದ್ದರೆ ಎಂಜಿನ್ ಆಫ್ ಇರುವಾಗ ಬ್ಯಾಟರಿ 12.4 ವೋಲ್ಟ್‌ಗಿಂತ ಹೆಚ್ಚು, ಎಂಜಿನ್ ಓಡುವಾಗ 13.8ರಿಂದ 14.4 ತೋರಿಸಬೇಕು.

ಇನ್ನು ನಿಲ್ಲುವ ಸಂದರ್ಭ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಆಫ್ ಆಗುತ್ತಿದ್ದರೆ ಸ್ಲೋ ಸ್ಪೀಡಿನ (ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗಿನ) ತೊಂದರೆ. ಹೈವೇಯಲ್ಲಿ ಅರ್ಧ ಗಂಟೆ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ ಪೆಟ್ರೋಲ್ ಹರಿವು ಅಥವಾ ಕಾಯಿಲ್ ಬಿಸಿ. ಮಳೆಯಲ್ಲಿ ಮಾತ್ರ ಎಂದಾದರೆ ಡೆಲ್ಕೊ ಕ್ಯಾಪ್ ಮತ್ತು ಎಚ್‌ಟಿ ವೈರ್ (ಪ್ಲಗ್‌ಗೆ ಹೈ ವೋಲ್ಟೇಜ್ ಒಯ್ಯುವ ದಪ್ಪ ವೈರ್).

ಕಿಡಿ ಇದೆಯೇ?

ಈ ಪರೀಕ್ಷೆಗೆ ಒಂದು ಹೆಚ್ಚುವರಿ ಪ್ಲಗ್ ಸದಾ ಗಾಡಿಯಲ್ಲಿರಲಿ. ನಿಂತ ಕೂಡಲೇ ಬಾನೆಟ್ ಎತ್ತಿ, ಎಲ್ಲಿಯೂ ಪೆಟ್ರೋಲ್ ಸೋರುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ. ಒಂದು ಸಿಲಿಂಡರಿನ ಎಚ್‌ಟಿ ವೈರ್ ಎಳೆದು ಈ ಪ್ಲಗ್‌ಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್‌ಗೆ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಚಟಚಟ ಸದ್ದಿನ ನೀಲಿ ಕಿಡಿ ಬಂದರೆ ಕಿಡಿಯ ಕಡೆ ಸರಿ ಇದೆ. ಕೆಂಪು-ಹಳದಿ ಬಣ್ಣದ ಸಣಕಲು ಕಿಡಿಯಾದರೆ ಕಾಯಿಲ್, ಪಾಯಿಂಟ್ (ಡೆಲ್ಕೊ ಒಳಗೆ ಕಾಯಿಲ್‌ನ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಅಥವಾ ಆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಸೋತಿದೆ. ಗಾಡಿ ತಣ್ಣಗಾದ ಮೇಲೆ ಮಾಡಿದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಬಿಸಿಯಲ್ಲಿ ಸಾಯುವ ಕಾಯಿಲ್ ತಣ್ಣಗಾದಾಗ ಚೆನ್ನಾಗಿಯೇ ಕಿಡಿ ಕೊಡುತ್ತದೆ, ಮೆಕ್ಯಾನಿಕ್ ಬರುವ ಹೊತ್ತಿಗೆ ದೋಷವೇ ಇರುವುದಿಲ್ಲ.

ಪಾಯಿಂಟ್ ಇರುವ ಹಳೇ ಡೆಲ್ಕೊ ಆದರೆ ಕ್ಯಾಪ್ ತೆಗೆದು, ಪಾಯಿಂಟ್ ಪೂರ್ತಿ ತೆರೆದ ಸ್ಥಿತಿಗೆ ಎಂಜಿನ್ ತಿರುಗಿಸಿ ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. ಅಂತರ 0.4ರಿಂದ 0.5 ಮಿಲಿಮೀಟರ್ ಇರಬೇಕು. ಪಾಯಿಂಟ್‌ನ ಫೈಬರ್ ಹಿಮ್ಮಡಿ ಸವೆದಂತೆ ಅಂತರ ಮುಚ್ಚುತ್ತಾ ಬಂದು ಒಂದು ದಿನ ಗಾಡಿ ನಿಲ್ಲುತ್ತದೆ. ಕ್ಯಾಮ್ ಮೇಲೆ ಚಿಟಿಕೆ ಗ್ರೀಸ್ ಇಲ್ಲದಿದ್ದರೆ ಸವೆತ ಇನ್ನೂ ಬೇಗ. ಹೊಸ ಪಾಯಿಂಟ್ ಬೇಗನೆ ಸುಟ್ಟು ಗುಂಡಿಬಿದ್ದರೆ ಕಂಡೆನ್ಸರ್ ಕೆಟ್ಟಿದೆ. ಎರಡನ್ನೂ ಒಟ್ಟಿಗೆ ಬದಲಿಸಿ, ಬೆಲೆ ಹೆಚ್ಚೇನಲ್ಲ. ಪಾಯಿಂಟ್ ಮಾದರಿಯಲ್ಲಿ ಪ್ಲಗ್ ಅಂತರ 0.7–0.8 ಮಿಲಿಮೀಟರ್. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಆದ್ದರಿಂದ ಪ್ಲಗ್ ಅನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ, ಹೊಸದಾದರೆ ಸ್ಪ್ಯಾನರ್‌ನಿಂದ ಅರ್ಧ ಸುತ್ತು ಸಾಕು. ಥ್ರೆಡ್ ಹೋದರೆ ಖರ್ಚು ಬೇರೆಯದೇ ಲೆಕ್ಕ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಡೆಲ್ಕೊ ಕ್ಯಾಪ್‌ನ ಒಳಗೆ ಬೆವರು ಕೂರುತ್ತದೆ. ಒಣ ಬಟ್ಟೆಯಿಂದ ಒರೆಸಿ, ಒಳಮೈಯಲ್ಲಿ ಪೆನ್ಸಿಲ್ ಗೆರೆಯಂಥ ಕಪ್ಪು ಎಳೆ ಇದೆಯೇ ನೋಡಿ. ಇದ್ದರೆ ಕ್ಯಾಪ್ ಬಿರಿದು ಕರೆಂಟ್ ಸೋರುತ್ತಿದೆ, ಒರೆಸಿ ಪ್ರಯೋಜನವಿಲ್ಲ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡುವಾಗ ಬಾನೆಟ್ ಎತ್ತಿದರೆ ಸೀಳಿದ ಎಚ್‌ಟಿ ವೈರಿನ ಸುತ್ತ ನೀಲಿ ಮಿಣುಕು ಕಾಣುತ್ತದೆ. ನೋಡಿದರೆ ಸಾಕು, ಮುಟ್ಟಬೇಡಿ. ವೈರ್ ಬದಲಿಸುವಾಗ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಕ್ರಮ) 1-3-2 ಎಂಬುದು ನೆನಪಿರಲಿ.

ಪೆಟ್ರೋಲ್ ಬರುತ್ತಿದೆಯೇ?

ಕಿಡಿ ಚೆನ್ನಾಗಿದ್ದರೆ ಟ್ಯಾಂಕಿನಿಂದ ಶುರು ಮಾಡಿ. ಗಾಡಿ ನಿಂತಾಗ ಟ್ಯಾಂಕಿನ ಮುಚ್ಚಳ ತೆರೆಯಿರಿ. ಬುಸ್ ಎಂದು ಗಾಳಿ ಒಳಗೆಳೆದ ಸದ್ದಾಗಿ, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಬರದಿದ್ದರೆ ಪಂಪ್ ಎಳೆದೂ ಎಳೆದೂ ಸೋಲುತ್ತದೆ.

ಮುಂದಿನದು ಫಿಲ್ಟರ್. ಕೆಳಗೆ ತುಕ್ಕಿನ ಪುಡಿ, ಮಣ್ಣು ಕೂತಿದ್ದರೆ ಬದಲಿಸಿ. ಬಾಣದ ಗುರುತು ಪಂಪ್ ಕಡೆಗೆ ಇರಬೇಕು. ಹೊಸ ಫಿಲ್ಟರ್ ಸಾವಿರ ಕಿಲೋಮೀಟರಿಗೇ ಕಂದುಬಣ್ಣಕ್ಕೆ ತಿರುಗಿದರೆ ತುಕ್ಕು ಟ್ಯಾಂಕಿನೊಳಗೇ ಇದೆ. ಟ್ಯಾಂಕ್ ಇಳಿಸಿ ತೊಳೆಸದೆ ಬೇರೆ ದಾರಿಯಿಲ್ಲ.

ಈ ಮಾದರಿಯ ಪಂಪ್ ಎಂಜಿನ್ನಿಗೇ ಕೂರಿಸಿದ, ಕ್ಯಾಮ್‌ಶಾಫ್ಟ್‌ನಿಂದ ಓಡುವ ಡಯಾಫ್ರಂ (ರಬ್ಬರ್ ಪೊರೆಯ) ಪಂಪ್. ಎಂಜಿನ್ ತಣ್ಣಗಿರುವಾಗ ಕಾಯಿಲ್‌ನ ಸಣ್ಣ ವೈರ್ ಕಳಚಿಟ್ಟು, ಕಾರ್ಬ್ಯುರೇಟರಿಗೆ ಬರುವ ಹೋಸ್ ಬಿಡಿಸಿ ಬಾಟಲಿಗೆ ಇಳಿಬಿಡಿ, ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ. ಪೆಟ್ರೋಲ್ ಚಿಮ್ಮಿ ಚಿಮ್ಮಿ ಬರಬೇಕು. ತೊಟ್ಟಿಕ್ಕಿದರೆ ಡಯಾಫ್ರಂ ಸೋತಿದೆ, ಅಥವಾ ಟ್ಯಾಂಕಿನಿಂದ ಬರುವ ಹೋಸ್ ಬಿರಿದು ಗಾಳಿ ಎಳೆಯುತ್ತಿದೆ. ಇಂಥ ಬಿರುಕಿನಿಂದ ಪೆಟ್ರೋಲ್ ಹೊರಗೆ ಸೋರದಿರಬಹುದು, ಹೀಗಾಗಿ ಕಣ್ಣಿಗೆ ಬೀಳುವುದಿಲ್ಲ. ಆಯಿಲ್ ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಇದ್ದು ಆಯಿಲ್ ಮಟ್ಟ ಏರಿದ್ದರೆ ಹರಿದ ಡಯಾಫ್ರಂ ಮೂಲಕ ಪೆಟ್ರೋಲ್ ಎಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯುತ್ತಿದೆ. ಪಂಪ್ ಮತ್ತು ಆಯಿಲ್ ಎರಡನ್ನೂ ಬದಲಿಸುವ ತನಕ ಗಾಡಿ ಓಡಿಸಬೇಡಿ, ತೆಳುವಾದ ಆಯಿಲ್ ಬೇರಿಂಗ್ ತಿಂದುಹಾಕುತ್ತದೆ.

ಬೇಸಿಗೆಯಲ್ಲಿ ಘಾಟಿ ಹತ್ತುವಾಗ ನಿಂತರೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರಬಹುದು. ಒದ್ದೆ ಬಟ್ಟೆಯನ್ನು ಪಂಪ್ ಮೇಲೆ ಹಾಕಿ ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಜಗ್ಗದಿದ್ದರೆ ಅದೇ ಬಟ್ಟೆಯನ್ನು ಕಾಯಿಲ್ ಮೇಲೆ ಹಾಕಿ ನೋಡಿ. ಎರಡನ್ನೂ ಒಟ್ಟಿಗೆ ತಣಿಸಿದರೆ ದೋಷ ಯಾವುದರದು ಎಂದು ತಿಳಿಯುವುದಿಲ್ಲ.

ಈಗ ಬಂಕ್‌ಗಳಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆಂದು ಈ ಗಾಡಿಯ ರಬ್ಬರ್ ಮಾಡಿದ್ದಲ್ಲ. ಹೋಸ್, ಡಯಾಫ್ರಂ, ಗ್ಯಾಸ್ಕೆಟ್ ಬೇಗ ಉಬ್ಬಿ ಬಿರಿಯುತ್ತವೆ. ಎಥೆನಾಲ್ ತೇವ ಹೀರುವುದರಿಂದ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ಕೂರಬಹುದು. ಹೋಸ್ ಬದಲಿಸುವಾಗ ಎಥೆನಾಲ್ ತಡೆಯುವ ಹೋಸ್ ಎಂದೇ ಕೇಳಿ ತನ್ನಿ, ಕ್ಲಿಪ್‌ಗಳನ್ನೂ ಹೊಸದಾಗಿ ಹಾಕಿ.

ಸ್ಲೋ ಸ್ಪೀಡಿನಲ್ಲಿ ಮಾತ್ರ ಆಫ್ ಆದರೆ

ಕಾರ್ಬ್ಯುರೇಟರ್ ಪಕ್ಕದಲ್ಲಿ ವೈರ್ ಜೋಡಿಸಿದ ಒಂದು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇದೆ. ಕೀ ಆನ್ ಮಾಡಿದಾಗ ಅದು ಐಡ್ಲಿಂಗ್ ಪೆಟ್ರೋಲಿನ ದಾರಿ ತೆರೆಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಇಟ್ಟು ಅದರ ವೈರ್ ತೆಗೆದು ಮತ್ತೆ ತಾಗಿಸಿ. ಪ್ರತಿ ಸಲವೂ ಟಕ್ ಎನ್ನಬೇಕು. ಸದ್ದಿಲ್ಲದಿದ್ದರೆ ವೈರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ, ಬರುತ್ತಿದ್ದರೆ ಸೊಲೆನಾಯ್ಡ್ ಹೋಗಿದೆ. ವೈರ್ ಸಡಿಲವಾಗಿರುವುದೇ ಕಾರಣವಾದ ಗಾಡಿಗಳು ಕಡಿಮೆಯೇನಲ್ಲ.

ಸೊಲೆನಾಯ್ಡ್ ಸರಿ ಇದ್ದರೆ ಗಾಳಿ ಸೋರಿಕೆ ಹುಡುಕಿ. ಎಂಜಿನ್ ಸ್ಲೋ ಓಡುತ್ತಿರುವಾಗ ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿಯನ್ನು ಗಟ್ಟಿ ರಟ್ಟಿನಿಂದ ಅರ್ಧ ಮುಚ್ಚಿ. ಎಂಜಿನ್ ಚೇತರಿಸಿಕೊಂಡರೆ ಎಲ್ಲೋ ಹೆಚ್ಚುವರಿ ಗಾಳಿ ಒಳಬರುತ್ತಿದೆ, ಇಲ್ಲವೇ ಐಡಲ್ ಜೆಟ್ (ಐಡ್ಲಿಂಗ್ ಪೆಟ್ರೋಲ್ ಬರುವ ಸಣ್ಣ ರಂಧ್ರ) ಕಟ್ಟಿದೆ. ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಜೋಡಣೆ, ಡೆಲ್ಕೊಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ಇವುಗಳ ಮೇಲೆ ಡೆಲ್ಕೊ ತೋಯದಂತೆ ಒಂದೊಂದಾಗಿ ನೀರು ಚಿಮುಕಿಸಿ. ಸ್ಪೀಡ್ ಬದಲಾದ ಜಾಗದಲ್ಲೇ ಸೋರಿಕೆ. ಇದಕ್ಕೆ ಪೆಟ್ರೋಲ್ ಚಿಮುಕಿಸುವವರಿದ್ದಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಶುದ್ಧ ಹುಚ್ಚುತನ.

ಇಷ್ಟೆಲ್ಲ ಆದ ಮೇಲೆ ಟ್ಯೂನಿಂಗ್. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ಒಳಗಿರಬೇಕು, ಏರ್ ಫಿಲ್ಟರ್ ಜಾಗದಲ್ಲಿರಬೇಕು, ದೀಪಗಳು ಆಫ್ ಇರಬೇಕು. ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗ್‌ನ ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಸ್ಕ್ರೂ) ಮೆಲ್ಲಗೆ ಒಳಗೆ ತಿರುಗಿಸಿ ತಾಗಿದ ಕೂಡಲೇ ನಿಲ್ಲಿಸಿ, ಬಿಗಿದರೆ ಅದರ ಸೂಜಿತುದಿ ಹಾಳಾಗುತ್ತದೆ. ಅಲ್ಲಿಂದ ಎರಡೂವರೆ ಸುತ್ತು ಹೊರಗೆ ತಂದು ಸ್ಟಾರ್ಟ್ ಮಾಡಿ, ಕಾಲು ಕಾಲು ಸುತ್ತು ಆಚೀಚೆ ಆಡಿಸಿ ಎಂಜಿನ್ ಅತಿ ನಯವಾಗಿ ಓಡುವ ಜಾಗ ಹಿಡಿಯಿರಿ. ಬಳಿಕ ಸ್ಪೀಡ್ ಸ್ಕ್ರೂನಿಂದ 900 ಆರ್‌ಪಿಎಂ ಸುತ್ತಮುತ್ತ ನಿಲ್ಲಿಸಿ. ಎಮಿಷನ್ ಕೇಂದ್ರದಲ್ಲಿ ಮಾಪಕ ಹಾಕಿದಾಗಲೇ ಕೊನೆಯ ಹೊಂದಾಣಿಕೆ ಮಾಡಿಸಿಕೊಂಡರೆ ಇನ್ನೂ ಚೆಂದ. ಇಂಥ ಹಳೇ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3.

ಟ್ಯೂನ್ ಮಾಡಿದ ಎರಡೇ ದಿನಕ್ಕೆ ಮತ್ತೆ ಅದೇ ಕಥೆಯಾದರೆ ಥ್ರಾಟಲ್ ಶಾಫ್ಟ್ (ಆಕ್ಸಿಲರೇಟರ್ ಒತ್ತಿದಾಗ ಕಾರ್ಬ್ಯುರೇಟರಿನಲ್ಲಿ ತಿರುಗುವ ಸರಳು) ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಆಟ ಇದ್ದರೆ ಬುಶ್ (ಶಾಫ್ಟ್ ಕೂರುವ ಬಳೆ) ಸವೆದು ಆ ಸಂದಿನಿಂದಲೇ ಗಾಳಿ ನುಗ್ಗುತ್ತಿದೆ. ಎಷ್ಟು ರಿಪೇರಿ ಕಿಟ್ ಹಾಕಿದರೂ ಇದು ನಿಲ್ಲದು, ಏಕೆಂದರೆ ಕಿಟ್‌ನಲ್ಲಿ ಗ್ಯಾಸ್ಕೆಟ್, ಸೂಜಿ, ಡಯಾಫ್ರಂ ಇರುತ್ತವೆಯೇ ಹೊರತು ಬುಶ್ ಇರುವುದಿಲ್ಲ. ಲೇತ್‌ನಲ್ಲಿ ಹೊಸ ಬುಶ್ ಕೂರಿಸಬೇಕು, ಇಲ್ಲವೇ ಕಾರ್ಬ್ಯುರೇಟರನ್ನೇ ಬದಲಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಶಾಫ್ಟ್ ಅಲುಗಾಡಿಸಿ ನೋಡಿ, ಆಮೇಲೆ ಬೆಲೆ ಮಾತಾಡಿ.